ಬಾಮೈದನಿಗೆ ಬೇರೆ ವೈಫೈ

ಹೆಂಡತಿ: ಹಾಗಾದ್ರೆ ನನ್ನ ತಮ್ಮ ಹೊರಗಿನವನು.

ಗಂಡ: ನಾನು ಹಾಗಂದಿಲ್ಲ. ಅವನ ಫೋನು ಹೊರಗಿನದು ಅಂದೆ.

ಹೆಂಡತಿ: ಸರಿ. ಅವನು ಒಳಗೆ, ಫೋನು ಹೊರಗೆ. ಒದ್ದೆ ಕೊಡೆ ಇಟ್ಟ ಹಾಗೆ ಬಾಗಿಲ ಹತ್ರ ಇಟ್ಟು ಬರ್ಲಾ?

ಗಂಡನದು ಗಡಿಯಾರ ರಿಪೇರಿಯ ಕಸುಬು. ಮೂವತ್ತು ವರ್ಷ ಸಾಸಿವೆಗಿಂತ ಸಣ್ಣ ತಿರುಪುಗಳ ಜತೆ ಬಾಳಿದವನು. ಯಾವುದೇ ಆಗಲಿ ಸಡಿಲವಾಗಿದ್ದರೆ ಅವನ ಜೀವಕ್ಕೆ ಸಮಾಧಾನವಿರುವುದಿಲ್ಲ. ತನ್ನ ಮನೆಗೆ ಬಣ್ಣ ಹೊಡೆಸುತ್ತಿರುವ ಬಾಮೈದ ಎಂಟು ದಿನ ಇಲ್ಲಿರುತ್ತಾನೆಂದು ತಿಳಿದದ್ದೇ ತಡ, ಪತ್ರಿಕೆಯ ಲೇಖನವೊಂದನ್ನು ಓದಿ ಬಂದುಹೋಗುವವರಿಗೆಂದು ಬೇರೊಂದು ವೈಫೈ ಮಾಡಿ ‘ಅತಿಥಿ’ ಎಂದು ಹೆಸರಿಟ್ಟಿದ್ದ. ಬಾಮೈದ ಬೆಳಿಗ್ಗೆ ಬಂದವನು ಸೋಫಾದಲ್ಲಿ ಕೂತು, ತುಟಿಪಿಟಕ್ಕೆನ್ನದೆ ಅದಕ್ಕೇ ಸೇರಿಕೊಂಡಿದ್ದ. ಶಾಲೆಯ ಲೈಬ್ರರಿ ನೋಡಿಕೊಳ್ಳುವ ಹೆಂಡತಿ ಮಧ್ಯಾಹ್ನ ಮನೆಗೆ ಬಂದು ತಮ್ಮನ ಫೋನು ನೋಡಿದ ಮೇಲೆ ಈ ಮಾತು ಶುರುವಾಗಿತ್ತು, ಅಡುಗೆಮನೆಯಲ್ಲಿ, ಪಿಸುದನಿಯಲ್ಲಿ.

ಗಂಡ: ಅವನು ಕ್ಷೌರದಂಗಡಿ ವೈಫೈಗೂ ಸೇರ್ತಾನೆ, ಬಸ್ ನಿಲ್ದಾಣದ್ದಕ್ಕೂ ಸೇರ್ತಾನೆ. ಪುಕ್ಕಟೆ ಅಂದ್ರೆ ಯಾವ ಆ್ಯಪನ್ನೂ ಬಿಡಲ್ಲ. ಅಲ್ಲಿ ಅಂಟಿಸ್ಕೊಂಡ ವೈರಸ್ ನಮ್ಮನೆ ಕಂಪ್ಯೂಟರಿಗೆ ಬರಬಾರದಲ್ಲ.

ಹೆಂಡತಿ: ಅವನಿಗೆ ಏನೋ ಅಂಟಿದೆ ಅಂತೀರಿ.

ಗಂಡ: ಅವನಿಗಲ್ಲ, ಫೋನಿಗೆ. ಅಂಟಿರಬಹುದು ಅಂತ.

ಹೆಂಡತಿ: ನಿಮ್ಮಮ್ಮ ಬಂದಾಗ ಮನೆ ವೈಫೈಯನ್ನೇ ಕೊಡೋಕೆ ಹೋದ್ರಲ್ಲ.

ಗಂಡ: ಅಮ್ಮನ ಫೋನಲ್ಲಿ ಗುಂಡಿ ಬಿಟ್ರೆ ಏನಿಲ್ಲ. ಅದು ವೈಫೈಗೆ ಸೇರೋದೇ ಇಲ್ಲ.

ಹೆಂಡತಿ: ಕೊಡೋ ಮನಸ್ಸಿತ್ತಲ್ಲ, ಅದು ಮುಖ್ಯ.

ಗಂಡ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದ.

ಹೆಂಡತಿ: ಇರ್ಲಿ ಬಿಡಿ. ಈ ಎಂಟು ದಿನ ನಾನೂ ಅವನ ಜತೆ ಅತಿಥಿಯಾಗೇ ಇರ್ತೀನಿ. ಅತಿಥಿಗಳು ಅಡುಗೆ ಮಾಡಲ್ಲ.

ಗಂಡನಿಗೆ ಬೇಯಿಸಲು ಬರುತ್ತಿದ್ದದ್ದು ನೀರೊಂದೇ. ಅವನು ಸೀದಾ ಹಜಾರಕ್ಕೆ ಬಂದು ಬಾಮೈದನ ಮುಂದೆ ಕೈ ಚಾಚಿದ.

ಗಂಡ: ಕೊಡಪ್ಪ ಫೋನು. ಮನೆ ವೈಫೈಗೇ ಹಾಕ್ತೀನಿ.

ಬಾಮೈದ: ಯಾಕೆ ಭಾವ, ಇದೇ ಚೆನ್ನಾಗಿದೆ.

ಗಂಡ: ನಿನಗೆ ಚೆನ್ನಾಗಿದ್ರೆ ಸಾಲದು.

ಒಂದು ಸಲ ಪಾಸ್‌ವರ್ಡ್ ಒತ್ತಿದ. ತಪ್ಪು ಎಂದಿತು. ಕನ್ನಡಕ ಹಾಕಿಕೊಂಡು ಒತ್ತಿದ. ಆಗಲೂ ತಪ್ಪು. ತನ್ನ ಫೋನು ತೆಗೆದು ನೋಡಿದರೆ ಅದೂ ವೈಫೈ ಬಿಟ್ಟು ಕೂತಿತ್ತು.

ಹೆಂಡತಿ: ಅದನ್ನ ನಾನು ಬದಲಾಯಿಸಿದೆ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ.

ಗಂಡ: ನೀನಾ?

ಹೆಂಡತಿ: ವೈಫೈ ಪೆಟ್ಟಿಗೆ ತಂದಾಗ ಅದರ ಬೆನ್ನಿಗೆ ಅಂಟಿಸಿದ್ದ ಪಾಸ್‌ವರ್ಡೇ ಇನ್ನೂ ಇತ್ತು. ಮೊದಲು ಅದನ್ನ ಬದಲಾಯಿಸ್ಬೇಕು ಅಂತ ಆ ಲೇಖನಾನ ನನಗೆ ಎರಡು ಸಲ ಓದಿ ಹೇಳಿದ್ರಿ. ಓದಿದ್ದು ನೀವು, ಮಾಡಿದ್ದು ನಾನು.

ಗಂಡ: ಒಳ್ಳೇದಾಯ್ತು. ಈಗ ಹೊಸದು ಹೇಳು.

ಹೆಂಡತಿ: ನಿಮ್ಮ ಫೋನಲ್ಲಿ ಭೂತಗನ್ನಡಿ ಆ್ಯಪ್ ಇದೆಯಲ್ಲ.

ಗಂಡ: ತಿರುಪು ನೋಡೋಕೆ ಹಾಕ್ಕೊಂಡಿದ್ದು.

ಹೆಂಡತಿ: ಅದಕ್ಕೆ ನೀವು ಎಲ್ಲೆಲ್ಲಿ ಹೋಗ್ತೀರಿ ಅಂತ ಗೊತ್ತು. ನಮ್ಮ ನೆಂಟರಿಷ್ಟರ ನಂಬರೆಲ್ಲ ಗೊತ್ತು. ಮೈಕೂ ಕೊಟ್ಟಿದೀರಿ. ಕನ್ನಡಿಗೆ ಕಿವಿ ಯಾಕೆ?

ಗಂಡ: ಅನುಮತಿ ಕೇಳ್ತು. ಆತುರದಲ್ಲಿದ್ದೆ, ಹೂಂ ಅಂದೆ.

ಹೆಂಡತಿ: ನಾನು ನೋಡಿದ್ದು ತಮ್ಮನ ಫೋನೂ ಹೌದು, ನಿಮ್ಮದೂ ಹೌದು. ಅವನದರಲ್ಲಿ ಅಂಥದ್ದೊಂದೂ ಇರಲಿಲ್ಲ. ಹಾಗಾಗಿ ಹೊರಗಿನ ಫೋನು ನಿಮ್ಮದು.

ಗಂಡ ತನ್ನ ಫೋನನ್ನು ‘ಅತಿಥಿ’ಗೆ ಸೇರಿಸಿದ. ಹೆಂಡತಿ ಒಳಗೆ ಹೋಗಿ ಒಲೆ ಹಚ್ಚಿದ ಸದ್ದು ಕೇಳಿತು. ಅಷ್ಟಕ್ಕೇ ಅವನಿಗೆ ಅರ್ಧ ಸಮಾಧಾನವಾಯಿತು.

ಬಾಮೈದ ಪಕ್ಕದಲ್ಲಿದ್ದ ತನ್ನ ಬ್ಯಾಗು ಕೆಳಗಿಳಿಸಿ, ಸೋಫಾದಲ್ಲಿ ಒಂದಿಷ್ಟು ಸರಿದು ಕೂತ.

ಬಾಮೈದ: ಬನ್ನಿ ಭಾವ, ಸಂಕೋಚ ಬೇಡ. ಅತಿಥೀನ ಇಲ್ಲಿ ಚೆನ್ನಾಗಿ ನೋಡ್ಕೋತಾರೆ.