ಟವೆಲಿನ ಕೆಳಗಿನ ಡಾಟ್ ಕಾಮ್

1999ನೇ ಇಸವಿ ಡಿಸೆಂಬರ್ ಒಂಬತ್ತು, ಗುರುವಾರ, ಬೆಳಗ್ಗೆ ಹತ್ತು ಗಂಟೆ. ಸ್ಥಳ: ದಾವಣಗೆರೆ ವಿನೋಬನಗರದ ಒಂದು ಇಂಟರ್‌ನೆಟ್ ಅಂಗಡಿ. ಹಾಜರಿದ್ದವರು: ನಾನು, ಹರಿಹರದಿಂದ ಬಂದ ನನ್ನ ಭಾವ ಚಂದ್ರಶೇಖರಪ್ಪ, ಅಂಗಡಿಯ ಮಾಲೀಕ ಮಂಜಣ್ಣ. ಗೈರುಹಾಜರು: ನಮ್ಮ ಸರಕನ್ನು ಕೊಳ್ಳಬೇಕಾಗಿದ್ದ ಅಮೆರಿಕದ ಗಿರಾಕಿ.

ಹೀಗೆ ಶುರು ಮಾಡಿದ್ದಕ್ಕೆ ಓದುಗರು ಕ್ಷಮಿಸಬೇಕು. ನಿವೃತ್ತಿಯಾಗುವವರೆಗೂ ನಾನು ಹರಿಹರದ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದವನು. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾರು ಬರಲಿಲ್ಲ ಎಂದು ನೋಡುವುದೇ ಉದ್ಯೋಗ. ಈಗಲೂ ಮದುವೆ ಮನೆಗೆ ಹೋದರೆ ವಧೂವರರ ಕಡೆ ಕಣ್ಣು ಹೋಗುವ ಮೊದಲು ಹಾಜರಿಯ ಕಡೆ ಹೋಗುತ್ತದೆ. ಸೋಮವಾರ ಕಿರಾಣಿ, ಮಂಗಳವಾರ ಬ್ಯಾಂಕು, ಬುಧವಾರ ಹಲ್ಲು ಅಥವಾ ಕಣ್ಣಿನ ಡಾಕ್ಟರು, ಗುರುವಾರ ಇಂಟರ್‌ನೆಟ್ಟು: ವಾರವನ್ನು ಹೀಗೆ ಕೋಣೆ ಕೋಣೆಯಾಗಿ ಕಟ್ಟಿಕೊಂಡಿದ್ದೇನೆ. ಬುಧವಾರ ಹಲ್ಲೂ ಕಣ್ಣೂ ಎರಡೂ ಚೆನ್ನಾಗಿದ್ದರೆ ಏನು ಮಾಡಬೇಕೆಂದು ತೋಚದೆ ಚಡಪಡಿಸುತ್ತೇನೆ. ಶಿಸ್ತಿನ ಮನುಷ್ಯನಿಗೆ ನಷ್ಟವಾಗುವುದಿಲ್ಲವೆಂದು ಬಹಳ ಕಾಲ ನಂಬಿದ್ದೆ. ನಷ್ಟ ಅವನಿಗೂ ಆಗುತ್ತದೆ. ಸರಿಯಾದ ಸಮಯಕ್ಕೆ ಆಗುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಸರಕು ಯಾವುದೆಂದು ಹೇಳಲು ಕೊಂಚ ಸಂಕೋಚ. ಅದನ್ನು ಮುಟ್ಟಲಾಗುವುದಿಲ್ಲ, ತೂಗಲಾಗುವುದಿಲ್ಲ, ಮಳೆ ಬಂದರೆ ಒಳಗೆ ತಂದಿಡುವ ಚಿಂತೆಯಿಲ್ಲ. ಅದು ಹೆಸರು. ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಡುವವರಿಗೆಲ್ಲ ಡಾಟ್ ಕಾಮ್ ಎಂದು ಮುಗಿಯುವ ಒಂದು ಹೆಸರು ಬೇಕು. ಒಂದು ಹೆಸರು ಒಬ್ಬರಿಗೆ ಮಾತ್ರ. ಮೊದಲು ಬರೆಸಿದವನೇ ಯಜಮಾನ. ಆಮೇಲೆ ಬೇಕಾದವನು ಅವನ ಬಳಿ ಬಂದು ಕೊಳ್ಳಬೇಕು. ಇಷ್ಟನ್ನು ನನಗೆ ಕಲಿಸಿದವರು ಮಂಜಣ್ಣ. ಅವರು ಹಿಂದೆ ಎಸ್‌ಟಿಡಿ ಬೂತ್ ಇಟ್ಟಿದ್ದರು. ಅದೇ ಗಾಜಿನ ಗೂಡಿನಲ್ಲಿ ಫೋನಿನ ಜಾಗಕ್ಕೆ ಕಂಪ್ಯೂಟರ್ ಬಂತು. ಹಳೆಯ ಅಭ್ಯಾಸ ಹೋಗದೆ, ಇ-ಮೇಲ್ ಬರೆಯುವವರಿಗೂ ಅವರು ಹೊರಗಿನಿಂದ "ಜೋರಾಗಿ ಮಾತಾಡ್ರಿ, ಕೇಳ್ಸತೈತೆ" ಎನ್ನುತ್ತಿದ್ದರು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದನದ ಸಂತೆಯ ದಲ್ಲಾಳಿ. ಸಂತೆಯಲ್ಲಿ ಎತ್ತಿನ ವ್ಯಾಪಾರ ನಡೆಯುವುದು ಟವೆಲಿನ ಕೆಳಗೆ. ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ದಲ್ಲಾಳಿ ಒಂದೊಂದಾಗಿ ಟವೆಲಿನಡಿ ಹಿಡಿಯುತ್ತಾನೆ. ಬೆರಳು ಹಿಡಿದರೆ ಇಷ್ಟು, ಮಡಿಸಿದರೆ ಅಷ್ಟು. ಬಾಯಲ್ಲಿ ಮಾತ್ರ ಕಾಲುವೆ ನೀರು, ಮಗಳ ಬಾಣಂತನ, ಬೀಗರ ಊರಿನ ಸುದ್ದಿ. ಟವೆಲು ತೆಗೆದಾಗ ಎತ್ತಿನ ಹಗ್ಗ ಕೈ ಬದಲಾಯಿಸಿರುತ್ತದೆ. ಎಷ್ಟಕ್ಕೆ ಎಂಬುದು ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಕಡಿಮೆಗೆ ಕೇಳಿದವನಿಗೂ ಅವಮಾನವಿಲ್ಲ, ಹೆಚ್ಚು ಹೇಳಿದವನಿಗೂ ಇಲ್ಲ. ರೇಟನ್ನು ಬಾಯಿಬಿಟ್ಟು ಹೇಳಿದರೆ ಎತ್ತಿನ ಮರ್ಯಾದೆ ಹೋಯಿತು, ಮೊದಲು ಹೇಳಿದವನು ಕೆಟ್ಟ ಎಂಬುದು ಭಾವನವರ ಧರ್ಮ. ಮನೆಯಲ್ಲೂ ಅವರು ಅದನ್ನು ಬಿಟ್ಟವರಲ್ಲ. ಅವರು ತಂದ ಸೀರೆಗಳಲ್ಲಿ ಒಂದರ ಬೆಲೆಯೂ ಅಕ್ಕನಿಗೆ ಇವತ್ತಿನವರೆಗೆ ಗೊತ್ತಿಲ್ಲ.

ಒಂದು ಕಾಲಕ್ಕೆ ಅವರಿಲ್ಲದೆ ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಎತ್ತು ಕೊಟ್ಟಿಗೆ ಬದಲಾಯಿಸುತ್ತಿರಲಿಲ್ಲ. ಆಮೇಲೆ ಟ್ರ್ಯಾಕ್ಟರು ಬಂತು. ಭಾನುವಳ್ಳಿಯ ಒಬ್ಬ ಪರಿಚಯದ ರೈತ ಹಳೆಯ ವಿಶ್ವಾಸದಿಂದ ಇವರನ್ನು ಟ್ರ್ಯಾಕ್ಟರ್ ಷೋರೂಮಿಗೆ ಕರೆದುಕೊಂಡು ಹೋದ. ಭಾವ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಸೇಲ್ಸ್‌ಮನ್ ಎದುರು ನಿಂತು ಟವೆಲ್ ಮುಂದೆ ಚಾಚಿದರು. ಅವನು ಥ್ಯಾಂಕ್ಸ್ ಹೇಳಿ, ಕೈ ಒರೆಸಿಕೊಂಡು ವಾಪಸ್ ಕೊಟ್ಟ. ರೇಟು ಗೋಡೆಯ ಮೇಲೆ ಅಂಟಿಸಿತ್ತು. ಈ ಪ್ರಸಂಗವನ್ನು ಅವರೇ ನಗುತ್ತಾ ಹೇಳುತ್ತಿದ್ದರು; ಆದರೆ ಅದಾದ ಮೇಲೆ ಅವರನ್ನು ಯಾರೂ ವ್ಯಾಪಾರಕ್ಕೆ ಕರೆಯಲಿಲ್ಲ, ಮೊಣಕಾಲು ನೋವೂ ಅದೇ ಸುಮಾರಿಗೆ ಶುರುವಾಯಿತು.

ವಿದೇಶದಲ್ಲಿ ಕುರಿಯಿಂದ ಕುರಿಯ ನಕಲು, ಅಂದರೆ ಕ್ಲೋನ್, ತೆಗೆದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ನಾನು ಓದಿ ಹೇಳಿದೆ. ಜೀವಿಯ ಒಳಗೆ ಜೀನ್ ಎಂಬುದಿದೆ, ಬಣ್ಣ, ಎತ್ತರ, ರೋಗ ಎಲ್ಲ ಅದರಲ್ಲಿ ಬರೆದಿದೆ, ಮುಂದೆ ಅದನ್ನೇ ತಿದ್ದುತ್ತಾರಂತೆ ಎಂದೆ. ಭಾವ ಮೈಮೇಲಿನ ಸುಳಿ, ಕೋಡು, ಹಲ್ಲು ನೋಡಿ ತಳಿ, ವಯಸ್ಸು ಗುರುತಿಸುವುದರಲ್ಲೇ ಆಯುಷ್ಯ ಕಳೆದವರು. "ತಳೀನೇ ಲ್ಯಾಬಿನಾಗ ತಯಾರಾದ್ರೆ ಮುಂದೆ ಸಂತಿ ಎಲ್ಲಿ ಕೂಡತೈತೆ ಹೇಳು, ಶಿವಮೂರ್ತಿ" ಎಂದರು. ಎಲ್ಲಿ ಕೂಡುತ್ತದೆಂದು ನನಗೆ ಥಟ್ಟನೆ ಹೊಳೆಯಿತು. ಮಂಜಣ್ಣನ ಗಾಜಿನ ಗೂಡಿನಲ್ಲಿ! ತಳಿ ತಯಾರಿಸುವ ಕಂಪನಿಗಳಿಗೂ ಒಂದೊಂದು ಹೆಸರು ಬೇಕಲ್ಲ. ಟೈಂ ಟೇಬಲ್ಲಿನಲ್ಲಿ ಇಲ್ಲದ ಹೊತ್ತಿಗೆ ನನಗೆ ಬಂದ ಮೊದಲ ಯೋಚನೆ ಅದು. ಅದನ್ನು ಗೈರುಹಾಜರು ಎಂದು ಹಾಕಿ ಕಳಿಸಬೇಕಾಗಿತ್ತು.

ಇಬ್ಬರೂ ಕೂಡಿ, ಬೆಂಗಳೂರಿನ ಏಜೆಂಟರೊಬ್ಬರಿಗೆ ಡಿಡಿ ಕಳಿಸಿ, ಕೆಲವು ಹೆಸರುಗಳನ್ನು ಎರಡು ವರ್ಷಕ್ಕೆ ಬರೆಸಿದೆವು. 'ಕ್ಲೋನ್ ಬುಲ್' ಭಾವನವರದು. 'ಜೀನ್ ಬಜಾರ್' ಇಬ್ಬರದೂ. 'ಜೀನ್ ಕರೆಕ್ಷನ್' ಪೂರ್ತಿ ನನ್ನದು. ಟೈಂ ಆಫೀಸಿನಲ್ಲಿ ತಪ್ಪು ಬಿದ್ದ ಹಾಜರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ರುಜು ಹಾಕುವುದಕ್ಕೆ ಕರೆಕ್ಷನ್ ಎನ್ನುತ್ತಿದ್ದೆವು. ವಿಜ್ಞಾನಿಗಳು ಜೀನಿನಲ್ಲಿ ಮಾಡಲಿರುವುದೂ ಅದೇ ಕೆಲಸ, ರುಜು ಯಾರು ಹಾಕುತ್ತಾರೋ ಗೊತ್ತಿಲ್ಲ ಎಂದು ಹೆಂಡತಿ ಗಿರಿಜಮ್ಮನಿಗೆ ವಿವರಿಸಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಮನ್ಯಾಗ ಕೂಸಿಲ್ಲ, ಕೊಟ್ಟಿಗ್ಯಾಗ ಕರ ಇಲ್ಲ. ಹೆಸರು ಮಾತ್ರ ತಂದಿಟ್ಟೀರಿ" ಎಂದಳು.

ಭಾವನವರಿಗೆ ಮಾತ್ರ ಹತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಪ್ರತಿ ಗುರುವಾರ ಹರಿಹರದ ಬಸ್ಸಿನಲ್ಲಿ, ಗಂಜಿ ಹಾಕಿದ ಪಂಚೆ, ಹೆಗಲಿಗೆ ಒಗೆದ ಟವೆಲು, ಕೈಯಲ್ಲಿ ಅಕ್ಕ ಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಇಳಿಯುತ್ತಿದ್ದರು. ಗಾಜಿನ ಗೂಡಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತು, ಗಿರಾಕಿ ಬಂದನೇ ಎಂದು ನೋಡುವುದು. ಬರದಿದ್ದರೆ ಮಂಡಕ್ಕಿ ತಿಂದು ಮನೆಗೆ ಬರುವುದು. "ಇದೊಂದು ವ್ಯಾಪಾರ ಮುಗಿಸಿ ಟವೆಲ್ ಮಡಚಿ ಇಡ್ತೀನಪ್ಪಾ. ಕಡೀ ವ್ಯಾಪಾರ ಸೋತು ಮನಿಗೆ ಕೂಡಬಾರದು ನೋಡು" ಎನ್ನುತ್ತಿದ್ದರು. ಹಣದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಬರುವುದಾದರೂ ಹೇಗೆ, ಟವೆಲಿನ ಕೆಳಗಿತ್ತಲ್ಲ.

ಎರಡು ವರ್ಷದ ಅವಧಿ ಮುಗಿಯುವುದಕ್ಕೆ ಸ್ವಲ್ಪವೇ ಉಳಿದಿರುವಾಗ, ದೀಪಾವಳಿ ಕಳೆದ ಮೇಲೆ, ಅಮೆರಿಕದ ಒಂದು ಔಷಧ ಕಂಪನಿಯಿಂದ ಪತ್ರ ಬಂತು. 'ಜೀನ್ ಕರೆಕ್ಷನ್' ಬೇಕಾಗಿದೆ, ನಿಮ್ಮ ಬೆಲೆ ತಿಳಿಸಿ ಎಂದು ಒಂದೇ ಸಾಲು. ನಾನು ಓದಿದೆ. ಭಾವ ಕಣ್ಣುಮುಚ್ಚಿ ನಕ್ಕರು. ಗಿರಾಕಿಯ ಕೈ ಹಿಡಿಯದೆ ರೇಟು ಹೇಳುವುದು ಹೇಗೆ, ಮೊದಲು ಅವನೇ ಬಾಯಿಬಿಡಲಿ ಎಂದರು. ಹಾಗಾದರೆ ಏನು ಬರೆಯಲಿ ಎಂದೆ. ಸರಕಿನ ಗುಣ ಬರಿ ಎಂದು ಅವರೇ ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ತಿರುಗಿಸಿದೆ: ಹೆಸರು ಮೊದಲ ಕೈಯದು, ಹಿಂದೆ ಯಾರ ಕೊಟ್ಟಿಗೆಯಲ್ಲೂ ಕಟ್ಟಿದ್ದಲ್ಲ, ಸುಳಿ ಶುದ್ಧ, ಹಾಯುವ, ಒದೆಯುವ ಚಾಳಿ ಇಲ್ಲ, ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ.

ಮರುವಾರ ಅವನು, ಎಲ್ಲರೂ ಕ್ಷೇಮ, ದಯವಿಟ್ಟು ಬೆಲೆ ಹೇಳಿ ಎಂದ. ಭಾವನವರಿಗೆ ಅದು ಬಹಳ ಹಿಡಿಸಿತು. ಗಿರಾಕಿ ಎರಡನೇ ಸಲ ಕೇಳಿದನೆಂದರೆ ಹಗ್ಗ ಅವನ ಕೈಗೆ ಹೋದಂತೆಯೇ ಎಂದರು. ನೀವು ದೊಡ್ಡವರು, ನಿಮಗೆ ತಿಳಿಯದ್ದು ಏನಿದೆ, ನೀವೇ ಒಂದು ಮಾತು ಹೇಳಿ ಎಂದು ಬರೆಸಿದರು. ಆ ಹೊತ್ತಿಗೆ ನನಗೂ ಅಳುಕಿತ್ತು. ಆದರೆ ಗಾಜಿನ ಗೂಡಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ ಭಾವನನ್ನು ನೋಡಿದರೆ ಎದುರಾಡಲು ಮನಸ್ಸಾಗಲಿಲ್ಲ. ಆಫೀಸಿನಲ್ಲೂ ನಾನು ಬೇರೆಯವರು ಹೇಳಿದ್ದನ್ನು ಬರೆದವನೇ ಹೊರತು ಹೇಳಿದವನಲ್ಲ.

ಇನ್ನು ಆ ಗುರುವಾರ. ಇ-ಮೇಲ್ ಡಬ್ಬದಲ್ಲಿ ಎರಡು ಪತ್ರಗಳಿದ್ದವು. ಮೊದಲನೆಯದು: ಸೋಮವಾರದೊಳಗೆ ಒಂದು ಅಂಕಿ ತಿಳಿಸಿ. ಎರಡನೆಯದು: ನಾವು ಬೇರೆ ಹೆಸರನ್ನು ತೆಗೆದುಕೊಂಡಿದ್ದೇವೆ, ಎತ್ತುಗಳ ಬಗ್ಗೆ ನೀವು ಬರೆದದ್ದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಬಹಳ ಇಷ್ಟವಾಯಿತು, ಧನ್ಯವಾದ. ನಾನು ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಭಾವ ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಅವರು ಅದನ್ನು ಹಾಗೆ ಬಳಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಂಜಣ್ಣ ಆ ದಿನದ ದುಡ್ಡು ಬೇಡವೆಂದರು. ಅದು ಇನ್ನೂ ಸಂಕಟ ಕೊಟ್ಟಿತು.

ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಆಟೋದಲ್ಲಿ ಬಂದೆವು. ಊಟಕ್ಕೆ ಕೂತಾಗ ಗಿರಿಜಮ್ಮ ವಿಷಯ ಕೇಳಿ, ಅವನು ಸೋಮವಾರ ಅಂದರೆ ನೀವು ಗುರುವಾರ ಹೋಗಿದ್ದೀರಿ, ಮನೆಗೆ ಬೆಂಕಿ ಬಿದ್ದರೂ ನೀವು ಅದರ ವಾರಕ್ಕೆ ಕಾಯುವವರು ಎಂದಳು. ಮಾತು ನಿಜವಾದ್ದರಿಂದ ನಾನು ತಪ್ಪು ನನ್ನದೇ ಎಂದೆ. ಭಾವ ಒಪ್ಪಲಿಲ್ಲ, ತಪ್ಪು ತಮ್ಮದು, ರೇಟು ಹೇಳಬೇಡ ಎಂದವರು ತಾವು ಎಂದರು. ನಾನು ಬಿಡಲಿಲ್ಲ. ಅವರೂ ಬಿಡಲಿಲ್ಲ. ಎರಡು ವರ್ಷದಲ್ಲಿ ಆ ಹೆಸರಿನ ಮೇಲೆ ನಡೆದ ನಿಜವಾದ ಚೌಕಾಸಿ ಅದೊಂದೇ, ಅದೂ ಇತ್ಯರ್ಥವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಾವ ರೊಟ್ಟಿ ಮುರಿಯುತ್ತಾ, ತಟ್ಟೆಯನ್ನೇ ನೋಡುತ್ತಾ ಕೇಳಿದರು:

"ಶಿವಮೂರ್ತಿ, ನೀನಾಗಿದ್ರೆ ಎಷ್ಟಕ್ಕೆ ಬಿಡ್ತಿದ್ದಿ?"

"ನೀವು ಹಿರಿಯರು ಭಾವ. ನೀವು ಹೇಳ್ರಿ."

"ನೀ ಹೇಳು."

"ನೀವ್ ಹೇಳ್ರಿ."

ಗಿರಿಜಮ್ಮ ಪಲ್ಯದ ಪಾತ್ರೆಯನ್ನು ನೆಲಕ್ಕೆ ಇಟ್ಟಳು. "ಅಣ್ಣಾರ, ಎತ್ತು ಸತ್ತೈತೆ. ಈಗಾದ್ರೂ ಬಾಯಿ ಬಿಡ್ರಿ ಇಬ್ಬರೂ."

ಇಬ್ಬರೂ ಬಾಯಿ ಬಿಟ್ಟೆವು, ರೊಟ್ಟಿ ಇಡಲು. ಭಾವ ಅರ್ಧಕ್ಕೇ ಕೈ ತೊಳೆದರು. ಅವರು ಊಟ ಬಿಟ್ಟು ಏಳುವವರಲ್ಲ. ಉಳಿದ ಹೆಸರುಗಳನ್ನು ಏನು ಮಾಡೋಣ ಎಂದು ಕೇಳಿದೆ. ಅವಧಿ ಮುಗಿದ ಮೇಲೆ ತಾವೇ ಹೋಗಲಿ, ಮೇವು ಹಾಕುವುದು ಬೇಡ ಎಂದರು. ಮುಂದಿನ ಗುರುವಾರ ಬೇಗ ಬನ್ನಿ ಎಂದೆ. ಅವರು ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. ನನಗೆ ಹೆಸರಿನ ವ್ಯಾಪಾರ ತಪ್ಪಿದ್ದು ಅಷ್ಟು ದೊಡ್ಡ ನಷ್ಟವಲ್ಲ ಎಂದು ಗೊತ್ತಾದದ್ದು ಆ ಕ್ಷಣದಲ್ಲಿ. ಔಷಧ ಕಂಪನಿ ಇನ್ನೊಂದು ಹೆಸರು ಹುಡುಕಿಕೊಂಡಿತು. ನನ್ನ ಗುರುವಾರಕ್ಕೆ ಇನ್ನೊಬ್ಬ ಭಾವನನ್ನು ಎಲ್ಲಿಂದ ತರಲಿ?

ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಹರಿಹರದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಡ್ರೈವರ್ ಬಂದು ಕೂತ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸಿನಲ್ಲಿದ್ದವರೆಲ್ಲ ಕೇಳುವಂತೆ ಹೇಳಿಬಿಟ್ಟರು:

"ಒಂದು ಜೋಡಿ ಎತ್ತಿನ ರೇಟಿಗೆ ಬಿಡ್ತಿದ್ದೆ ಶಿವಮೂರ್ತಿ. ಅದಕ್ಕಿಂತ ಜಾಸ್ತಿ ಆಸೆ ಇರ್ಲಿಲ್ಲ ನನಗೆ."

ಪಕ್ಕದ ಸೀಟಿನ ರೈತನ ಕಿವಿ ನೆಟ್ಟಗಾಯಿತು. ಎತ್ತು ಎಲ್ಲಿವೆ, ಎಷ್ಟು ಹಲ್ಲು ಎಂದು ವಿಚಾರಿಸಿದ. ಭಾವ ಅವನ ಕಡೆ ತಿರುಗಿ, "ಎತ್ತಲ್ಲೋ ತಮ್ಮಾ, ಬರೇ ಹೆಸರು" ಎಂದರು. ಅವನು ಒಂದು ಸಲ ಅವರ ಮುಖ ನೋಡಿ, ಸೀಟಿನಲ್ಲಿ ಕೊಂಚ ಸರಿದು ಕೂತ.

ನನ್ನ ಮನಸ್ಸಿನಲ್ಲಿದ್ದದ್ದು ಒಂದು ಜೋಡಿಯಲ್ಲ, ಒಂಟಿ ಎತ್ತು, ಅದೂ ವಯಸ್ಸಾದದ್ದು. ಹೇಳಬೇಕೆಂದು ಬಾಯಿ ತೆರೆದೆ. ನನ್ನದು ಅವರದಕ್ಕಿಂತ ಕಡಿಮೆಯೆಂದು ತಿಳಿದರೆ ಅವರಿಗೆ ಸಮಾಧಾನವಾದೀತೋ, ನೋವಾದೀತೋ ಎಂದು ಅಳೆಯುತ್ತಾ ನಿಂತೆ. ಅಳೆದು ಮುಗಿಯುವಷ್ಟರಲ್ಲಿ ಬಸ್ಸು ಹೊರಟಿತು. ಸರಿಯಾದ ಟೈಮಿಗೇ ಹೊರಟಿತು, ಅದನ್ನು ದೂರುವಂತಿಲ್ಲ.

ಮನೆಗೆ ಬಂದಾಗ ಗಿರಿಜಮ್ಮ ಭಾವನವರ ಅರ್ಧ ಉಳಿದ ರೊಟ್ಟಿಯನ್ನು ಬೀದಿಯ ಹಸುವಿಗೆಂದು ತೆಗೆದಿಡುತ್ತಿದ್ದಳು. ಅಣ್ಣಾರು ಏನಾದರೂ ಹೇಳಿದರೇ ಎಂದು ಕೇಳಿದಳು. ಜೋಡಿ ಎತ್ತಿನ ಮಾತು ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ, "ನಿಮ್ಮ ಮನಸ್ಸಿನಾಗ ಎಷ್ಟಿತ್ತು? ನನಗಾದ್ರೂ ಹೇಳ್ರಿ" ಎಂದಳು.

"ನೀನೇ ಒಂದು ಮಾತು ಹೇಳು, ನೋಡೋಣ" ಎಂದೆ.

ಅವಳು ಅಡುಗೆಮನೆಯ ದೀಪ ಆರಿಸಿ ಒಳಗೆ ಹೋದಳು. ನಾನು ಸ್ಟೂಲು ಹಾಕಿಕೊಂಡು ಹತ್ತಿ, ಗೋಡೆ ಗಡಿಯಾರಕ್ಕೆ ವಾರದ ಕೀ ಕೊಟ್ಟು ಇಳಿದೆ.