ನೊಣ ತಿನ್ನೋ ಗಿಡದ ಬೇಸಿಗೆ ರಜೆ

ಬೇರೆಯವರು ಗಿಡ ಸಾಕಿದರೆ ಹೂ ಬಿಡುತ್ತದೆ, ನಾನು ಸಾಕಿದರೆ ದಿನಕ್ಕೊಂದು ಫಜೀತಿ. ನನ್ನದು ಪಿಚರ್ ಪ್ಲಾಂಟ್. ಎಲೆಯ ತುದಿಗೆ ಮುಚ್ಚಳದ ತಂಬಿಗೆ ಬಿಟ್ಟು, ಅದರೊಳಗೆ ಬಿದ್ದ ನೊಣ ತಿನ್ನುತ್ತದೆ. "ಗಾಜಿನ ಪೆಟ್ಟಿಗೆ ಏನೂ ಬೇಡಮ್ಮ, ಗಾಳೀಲಿ ತೇವ ಇದ್ರೆ ಸಾಕು" ಅಂದಿದ್ದ ಬೆಂಗಳೂರಿನ ನರ್ಸರಿಯವನು. ರಾಯದುರ್ಗದ ಗಾಳಿಯಲ್ಲಿ ತೇವ! ಪುಣ್ಯಾತ್ಮ ನಮ್ಮೂರು ನೋಡಿಲ್ಲ. ಗಿಡ ಇನ್ನೂ ಬದುಕಿದೆ ಅಂದರೆ ಸುತ್ತಲಿನವರ ಪುಣ್ಯ, ನನ್ನ ಜಾಣತನ ಅಲ್ಲ.

೧. ಕ್ಯಾನ್ ನೀರು

ಇದಕ್ಕೆ ಉಪ್ಪುನೀರು ಆಗಿಬರಲ್ಲ. ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಗಾರೆ ಹಿಡಿಯುತ್ತದೆ. ಹಾಗಾಗಿ ಕುಡಿಯಲು ತಂದ ಕ್ಯಾನ್ ನೀರನ್ನೇ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಕ್ಯಾನ್ ತಳ ಕಂಡಿತು. ಉಳಿದ ಒಂದು ಲೋಟ ಗಿಡಕ್ಕೆ ಹಾಕಿ, ಜೀನ್ಸ್ ಹೊಲಿಯುತ್ತ ಕೂತಿದ್ದ ನಮ್ಮ ಯಜಮಾನರಿಗೆ ಬೋರಿನ ನೀರು ಕೊಟ್ಟೆ. ಒಂದು ಗುಟುಕಿಗೇ ಮುಖ ಕಿವುಚಿದರು.

"ಏನವ್ವ ತಾಯಿ, ನಾಳಿಂದ ನಾನೂ ನೊಣ ತಿಂತೀನಿ. ಆಗಾದ್ರೂ ಕ್ಯಾನ್ ನೀರು ಕೊಡ್ತೀಯೇನು?"

ಸಂಜೆ ಎರಡು ಕ್ಯಾನ್ ಹೊತ್ತು ತಂದವರೂ ಅವರೇ. ಮನುಷ್ಯ ಒಳ್ಳೆಯವರು, ಬಾಯಿ ಸ್ವಲ್ಪ ಜೋರು.

೨. ಕುರಿ ಸೇವೆ

ಪಕ್ಕದ ಮನೆಯ ಅಣ್ಣ ಕುರಿ ಸಾಕುವವರು. ಗಿಡ ಸೊರಗಿದ್ದು ಕಂಡು, ನಾನಿಲ್ಲದಾಗ ಎರಡು ಬೊಗಸೆ ಕುರಿಗೊಬ್ಬರ ಹಾಕಿದ್ದರು. ಅಯ್ಯೋ! ಗೊಬ್ಬರ ತಾಕಿದರೆ ಇದರ ಬೇರುಗಳೇ ಸುಟ್ಟುಹೋಗುತ್ತವೆ!

"ಅಣ್ಣಾ, ಇದು ಗೊಬ್ಬರ ತಿನ್ನಲ್ರಿ, ನೊಣ ತಿಂತದ" ಅಂತ ಬಿಡಿಸಿ ಹೇಳಿ, ಕುಂಡ ಖಾಲಿ ಮಾಡಿ ಹೊಸ ತೆಂಗಿನ ನಾರು ತುಂಬಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು.

ಮರುದಿನ ಬಾಗಿಲು ತೆಗೆದರೆ ಗಿಡದ ಪಕ್ಕ ಎರಡು ಟಗರು ಕಟ್ಟಿದ್ದಾರೆ ಅಣ್ಣ.

"ನೊಣ ಬೇಕಂದ್ಯಲ್ಲ ತಂಗಿ! ಇವು ಇದ್ದಲ್ಲಿ ನೊಣಕ್ಕೇನು ಬರ? ಎಷ್ಟು ದಿನ ಬೇಕಾದ್ರೂ ಇರ್ಲಿ ಬಿಡವ್ವ."

೩. ರೇಷ್ಮೆ ಮನೆಯ ಅತಿಥಿ

ಬೇಸಿಗೆ ಬಂತು. ತಂಬಿಗೆಗಳೆಲ್ಲ ಸುಕ್ಕಾಗಿ ಒಣಗಿ, ಎರಡೇ ಎಲೆ ಉಳಿದವು. ಇನ್ನು ಇದು ಉಳಿಯಲ್ಲ ಅನ್ನಿಸಿ ಅತ್ತೇಬಿಟ್ಟೆ. ಆಗ ನೆನಪಾಯಿತು, ಮಡಕಶಿರಾ ಕಡೆ ನಮ್ಮಕ್ಕನ ಮನೆ. ಅವರು ರೇಷ್ಮೆ ಹುಳ ಸಾಕುತ್ತಾರೆ. ಹುಳದ ಮನೆಯ ಸುತ್ತ ಗೋಣಿತಾಟು ಕಟ್ಟಿ, ದಿನವಿಡೀ ನೀರು ಚಿಮುಕಿಸಿ ತಂಪು ಕಾಯುತ್ತಾರೆ. ಕುಂಡ ಮಡಿಲಲ್ಲಿಟ್ಟುಕೊಂಡು ಬಸ್ ಹತ್ತಿದೆ.

ಅಕ್ಕನ ಅತ್ತೆ ಬಾಗಿಲಲ್ಲೇ ತಡೆದರು. "ಹುಳ ತಿನ್ನೋ ಗಿಡನ ಹುಳದ ಮನೆಗೆ ತಂದಿದ್ದೀಯಲ್ಲೇ! ತಲೆ ನೆಟ್ಟಗೈತೇನೆ ನಿಂಗೆ?"

ನಾನು ಕೈಮುಗಿದೆ. "ಇದು ಎದ್ದೋಗಿ ಹಿಡಿಯಲ್ಲ ಅತ್ತೆ, ತಾನಾಗಿ ಬಿದ್ದಿದ್ದನ್ನ ತಿನ್ನುತ್ತೆ ಅಷ್ಟೆ. ನೀವೂ ಬೇಡ ಅಂದ್ರೆ ಸತ್ತೋಗುತ್ತೆ."

ಮುದುಕಿ ಆ ಎರಡು ಎಲೆ ಮುಟ್ಟಿ ನೋಡಿದರು. "ಜಗಲಿ ಮ್ಯಾಲೆ ಒದ್ದೆ ಗೋಣಿ ಪಕ್ಕ ಮಡಗು. ಒಳಗೆ ಕಂಡ್ರೆ ತಿಪ್ಪೆಗೆ ಎಸೀತೀನಿ."

ಕುಂಡ ಅಲ್ಲೇ ಬಿಟ್ಟು ಊರಿಗೆ ಬಂದೆ. ಮಳೆ ಬಿದ್ದ ಮೇಲೆ ಹೋಗಿ ನೋಡುತ್ತೇನೆ, ಹೊಸ ಎಲೆ, ನಾಲ್ಕು ದಪ್ಪ ತಂಬಿಗೆ! ಖುಷಿಗೆ ಅತ್ತೆಯ ಕಾಲಿಗೇ ಬಿದ್ದೆ. ಎದ್ದು ತಂಬಿಗೆಯೊಳಗೆ ಇಣುಕಿದರೆ, ನಾಲ್ಕರಲ್ಲೂ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು.

"ಇದೇನತ್ತೆ?"

"ಹುಳಕ್ಕೆ ಸೊಪ್ಪು ಹಾಕ್ದಾಗೆಲ್ಲ ಇದಕ್ಕೂ ಒಂದ್ ಚಿಟಿಕೆ ಹಾಕ್ತಿದ್ದೆ ಕಣವ್ವ. ಹೊಟ್ಟೆ ತುಂಬಿದ್ರೆ ನಮ್ಮ ಹುಳದ್ ಕಡೆ ಯಾಕ್ ಕಣ್ ಹಾಕುತ್ತೆ?"