ರಾಕ್ಷಸರಿಗೆ ದನಿ ಕೊಟ್ಟ ಸೊಣ್ಣಮ್ಮನ ಪರವಾಗಿ

ಶ್ರೀಯುತ ಚಿದಾನಂದ್ ಅವರಿಗೆ,
ಮುಖ್ಯಸ್ಥರು, ಸಿಡಿಲ್ಕಿಡಿ ಗೇಮ್ಸ್,
ಜೆ.ಪಿ. ನಗರ, ಬೆಂಗಳೂರು

ಮಾನ್ಯರೇ,

ಏಳು ಕೋಟೆ, ಮೂರು ಪಾತಾಳ ಹಾಗೂ ಜೆ.ಪಿ. ನಗರದಲ್ಲಿ ನಾಲ್ಕು ಅಂತಸ್ತಿನ ಕಚೇರಿಯನ್ನು ಏಕಕಾಲಕ್ಕೆ ಆಳುತ್ತಿರುವ ತಮ್ಮ ಸನ್ನಿಧಾನಕ್ಕೆ, ಅರೆಕೆರೆ ಹಳೇ ಊರಿನ ಗಂಗಾಧರಯ್ಯನು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಆದಷ್ಟು ಬಗ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಕಂಪ್ಯೂಟರುಗಳು ಕ್ಷೇಮ, ಅವುಗಳೊಳಗಿನ ರಾಕ್ಷಸರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಖಾಸಗಿಯಾಗಿಯೇ ಕಳಿಸಬೇಕೆಂದಿದ್ದೆ. ಆದರೆ ಎರಡು ಸಲ ಇಮೇಲ್ ಮಾಡಿದಾಗಲೂ ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂಬ ಉತ್ತರವೇ ತಮ್ಮಿಂದ ದಯಪಾಲಿಸಲ್ಪಟ್ಟದ್ದರಿಂದ, ತಮ್ಮ ಅಪ್ಪಣೆ ಮೀರಬಾರದೆಂದು, ಪತ್ರಿಕೆಗೂ ಒಂದು ಪ್ರತಿ ಹಾಕಿ, ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ನಮ್ಮೂರಿನ ಹಾಲಿನ ಸಂಘಕ್ಕೆ ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದವನು. ಊರಿನಲ್ಲಿ ಹಸುಗಳು ಮುಗಿದು ಬಾಡಿಗೆದಾರರು ಶುರುವಾದ ಮೇಲೆ ಮನೆ ಮಾಲೀಕನೆಂದು ಕರೆಸಿಕೊಳ್ಳುತ್ತಿದ್ದೇನೆ. ಸಂಘದ ಕಾಲದಲ್ಲಿ ನನ್ನ ಅರ್ಜಿಗಳ ಉದ್ದಕ್ಕೆ ಹೆದರಿ ಇಬ್ಬರು ಅಧಿಕಾರಿಗಳು ತಾವಾಗಿಯೇ ವರ್ಗಾವಣೆ ಕೇಳಿಕೊಂಡರೆಂಬ ಮಾತಿದೆ. ಅದರಲ್ಲಿ ಎಷ್ಟು ನಿಜವೋ ತಿಳಿಯದು, ನಾನಂತೂ ಅಲ್ಲಗಳೆದಿಲ್ಲ.

ವಿಷಯಕ್ಕೆ ಬರುತ್ತೇನೆ. ತಮ್ಮ ಹೊಸ ಆಟದಲ್ಲಿ ಪಾತಾಳವಾಸಿಗಳಾದ ಜಡಂಗರೆಂಬ ರಾಕ್ಷಸ ಕುಲವಿದೆಯಷ್ಟೇ. ಆ ಕುಲಕ್ಕೊಂದು ಭಾಷೆ ಬೇಕು, ಅದು ಭೂಮಿಯ ಮೇಲೆ ಎಲ್ಲೂ ಇರಬಾರದು, ಆದರೂ ಕೇಳಿದವರಿಗೆ ಎಲ್ಲೋ ಇದ್ದೀತು ಅನ್ನಿಸಬೇಕು ಎಂದು ತಾವು ಹೇಳಿದ್ದು ಮೇಘಶ್ರೀ ಎಂಬ ಹುಡುಗಿಗೆ. ಆಕೆ ಬಾಡಿಗೆಗಿರುವುದು ನಮ್ಮ ಎರಡನೇ ಮಹಡಿಯಲ್ಲಿ. ಮನೆ ಕೇಳಲು ಬಂದ ದಿನ ಕೆಲಸವೇನಮ್ಮಾ ಎಂದು ವಿಚಾರಿಸಿದ್ದಕ್ಕೆ, “ಭಾಷೆ ಮಾಡ್ತೀನಿ ಅಂಕಲ್” ಅಂದಳು. ಅನುವಾದವೋ ಏನೋ ಅಂದುಕೊಂಡೆ. “ಅಲ್ಲ ಅಂಕಲ್, ಹೊಸದಾಗೇ ಮಾಡೋದು. ಮೊದ್ಲು ಸೌಂಡು, ಆಮೇಲೆ ಗ್ರಾಮರ್ರು” ಅಂದಳು. ಇರುವ ಭಾಷೆಗಳನ್ನು ಆಡುವವರಿಗೇ ಮನೆ ಸಿಗುವುದು ಕಷ್ಟವಾಗಿರುವ ಈ ಕಾಲದಲ್ಲಿ ಇಲ್ಲದ ಭಾಷೆ ಮಾಡುವ ಹುಡುಗಿಗೆ ಯಾರು ಕೊಟ್ಟಾರು ಎಂದು ಮರುಕವಾಗಿ ಬೀಗದ ಕೈ ಕೊಟ್ಟೆ. ನಾಯಿ ಸಾಕಿಲ್ಲವೆಂಬುದೂ ಒಂದು ಕಾರಣ.

ಎರಡು ತಿಂಗಳು ಆಕೆ ಮೇಲಿನ ಕೋಣೆಯಲ್ಲಿ ಒಬ್ಬಳೇ ಕೆಮ್ಮಿದಳು, ಉಗುಳಿದಳು, ಗಂಟಲು ಕೆರೆದುಕೊಂಡಳು. ಡಾಕ್ಟರ ಬಳಿ ಕರೆದೊಯ್ಯಬೇಕೇ ಎಂದು ನಾವು ಯೋಚಿಸುತ್ತಿದ್ದ ಹೊತ್ತಿಗೆ, ಒಂದು ಬೆಳಿಗ್ಗೆ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿಬಂದು, “ಆಂಟಿ, ಈಗ ಮಾಡಿದ್ರಲ್ಲ, ಅದನ್ನ ಇನ್ನೊಂದ್ಸಲ ಮಾಡಿ” ಎಂದು ನನ್ನ ಹೆಂಡತಿ ಸೊಣ್ಣಮ್ಮನ ಕೈ ಹಿಡಿದುಕೊಂಡಳು. ಸೊಣ್ಣಮ್ಮ ಮಾಡುತ್ತಿದ್ದದ್ದು ಇಷ್ಟೇ: ಕಾಂಪೌಂಡಿಗೆ ನುಗ್ಗಿದ್ದ ಪಕ್ಕದ ಬೀದಿಯ ಹಸುವನ್ನು ತುಟಿ ಅದುರಿಸಿ ‘ಟ್ರುರ್ರ್’ ಎಂದು ನಿಲ್ಲಿಸಿ, ನಾಲಿಗೆಯನ್ನು ದವಡೆಗೊತ್ತಿ ‘ಟ್ಲಕ್’ ಎಂದು ಎಳೆದು ಹೊರಕ್ಕೆ ಸಾಗಿಸುತ್ತಿದ್ದಳು.

ಅವತ್ತಿನಿಂದ ಮಾನ್ಯರೇ, ನಮ್ಮ ಅಡುಗೆಮನೆಯು ಜಡಂಗ ಭಾಷೆಯ ವಿಶ್ವವಿದ್ಯಾಲಯವಾಯಿತು. ಅವರೆಕಾಯಿ ಸುಲಿಯುತ್ತ ಇವಳು ದನಿ ತೆಗೆಯುವುದು, ಅವಳು ಅದನ್ನು ಫೋನಿಗೆ ತುಂಬಿಕೊಂಡು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುವುದು. ಉಸಿರನ್ನು ಒಳಕ್ಕೆಳೆದು ಹೂಂಗುಟ್ಟುವುದು ಒಂದು ದನಿ. ಬೇಜಾರಾದಾಗ ಹಲ್ಲಿನ ಸಂದಿಯಲ್ಲಿ ‘ತ್ಚು’ ಅನ್ನುವುದು ಇನ್ನೊಂದು. ಯಾವ ದನಿಯ ಪಕ್ಕ ಯಾವುದು ಕೂರಬಹುದು, ಯಾವುದು ಕೂತರೆ ಜಗಳ ಎಂಬುದಕ್ಕೂ ಕಾನೂನು ಬೇಕಂತೆ. ‘ಟ್ಲಕ್’ ಪದದ ಮೊದಲಿಗೇ ಬರಬೇಕು, ಕೊನೆಯಲ್ಲಿ ಬಂದರೆ ಕೂತಿರುವ ಎತ್ತನ್ನು ಸುಮ್ಮನೆ ಎಬ್ಬಿಸಿದಂತಾಗುತ್ತದೆ ಎಂದು ಸೊಣ್ಣಮ್ಮ ತೀರ್ಪು ಕೊಟ್ಟಳು. ಹುಡುಗಿ ಅದನ್ನೂ ಬರೆದುಕೊಂಡಳು.

ಇಲ್ಲೊಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ಸೊಣ್ಣಮ್ಮನ ಬಾಯಲ್ಲಿ ಹಕಾರವಿಲ್ಲ. ಅವಳಿಗೆ ಹಾಲು ಆಲು, ಹಸು ಅಸು. ನಮ್ಮ ಮೊಮ್ಮಗಳು ಅರ್ಪಿತ ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಮುಖಕ್ಕೆ ಉಸಿರು ಬಿಡುತ್ತ “ಹ ಅನ್ನು ಅಜ್ಜಿ, ಹ, ಹ” ಎಂದು ಪಾಠ ಮಾಡಿ, ಕೊನೆಗೆ ಕೈಚೆಲ್ಲಿ ಸ್ನೇಹಿತೆಯರ ಮುಂದೆಲ್ಲ ನಕ್ಕಿದ್ದಳು. ಇದನ್ನು ಕೇಳಿದ ಮೇಘಶ್ರೀ, ಜಡಂಗರ ಭಾಷೆಗೆ ಹಕಾರವೇ ಬೇಡ ಎಂದು ಹೊಡೆದುಹಾಕಿದಳು. ಪರಿಣಾಮವಾಗಿ ತಮ್ಮ ಜಡಂಗ ಸೇನಾಪತಿಯ ಪಾತ್ರದ ಕಲಾವಿದರಾದ ಕೈಲಾಸ್ ಎಂಬವರು, ರಂಗಭೂಮಿಯಲ್ಲಿ ಹೆಸರು ಮಾಡಿದವರು, ಮೂರು ದಿನ ನಮ್ಮ ಜಗಲಿಯ ಮೇಲೆ ಕುಳಿತು ಹಕಾರ ಬಿಡುವ ತರಬೇತಿ ಪಡೆದರು. ಅವರ ಬಾಯಿಂದ ಅದು ಜಾರಿದಾಗಲೆಲ್ಲ ಸೊಣ್ಣಮ್ಮ “ಬಂತು ನೋಡಪ್ಪ, ಇನ್ನೊಂದ್ ಕಿತ ಯೋಳು” ಎಂದು ತಿದ್ದುತ್ತಿದ್ದಳು. ಅವಳು ಯಾರನ್ನಾದರೂ ತಿದ್ದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವ್ಯಾಕರಣದಲ್ಲಿಯೂ ಅವಳ ಕೈವಾಡವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಜಡಂಗ ಭಾಷೆಯಲ್ಲಿ ಎದುರಿಗಿರುವವನನ್ನು ಬರಿದೇ ‘ನೀನು’ ಅನ್ನಲಾಗದು. ಅವನು ತಮ್ಮನೋ, ಅಳಿಯನೋ, ಮೊಮ್ಮಗನೋ ಎಂಬುದನ್ನು ಕ್ರಿಯಾಪದದ ಕೊನೆಯಲ್ಲಿ ಸೇರಿಸಿಯೇ ಮಾತು ಮುಗಿಸಬೇಕು. ರಾಕ್ಷಸರಿಗೆ ಇಷ್ಟು ಮರ್ಯಾದೆ ಯಾಕೆಂದು ನಾನೇ ತಕರಾರು ತೆಗೆದಿದ್ದೆ. “ಯಾರ್ ಮಕ್ಳೋ ಏನೋ, ಬಡಿಯೋಕ್ ಮುಂಚೆ ಕೇಳ್ಬೇಕಲ್ವಾ” ಅಂದಳು. ನಂಟೇ ಇಲ್ಲದ ಪರಸ್ಥಳದವನಾದರೆ ಏನು ಮಾಡುವುದೆಂದು ಮೇಘಶ್ರೀ ಕೇಳಿದ್ದಕ್ಕೆ, “ಅಂಗಾರೆ ಮನೇಗ್ ಕರ್ಕೊಂಡ್ ಬಂದು, ಊಟಕ್ಕಿಕ್ಕಿ ಕೇಳ್ಬೇಕು” ಎಂದು ಸಮಸ್ಯೆ ಪರಿಹರಿಸಿದಳು. ಹೀಗಾಗಿ ಕ್ಯಾಲೆಂಡರಿನ ಬೆನ್ನಿನಲ್ಲಿ ‘ಶತ್ರು’ ಎಂಬ ಪದದ ಎದುರಿನ ಮನೆ ಖಾಲಿಯೇ ಉಳಿಯಿತು. ಕಡೆಗೆ ಹೊರಗಿನ ಸದ್ದು ಬಾರದಂತೆ ಬೀರುವಿನ ಕೋಣೆಗೆ ಕಂಬಳಿ ಕಟ್ಟಿ, ಜಡಂಗರ ರಾಣಿಯ ಮಾತುಗಳನ್ನೆಲ್ಲ ಮಾದರಿಗಾಗಿ ಅವಳ ದನಿಯಲ್ಲೇ ಮುದ್ರಿಸಿ ತಮಗೆ ಕಳಿಸಿಕೊಟ್ಟರು.

ಆಮೇಲೆ ನಡೆದದ್ದನ್ನು ತಾವು ಬಲ್ಲಿರಿ. ನನಗೆ ತಿಳಿದದ್ದು ಕಳೆದ ಭಾನುವಾರ ಗುಟ್ಟಾಗಿ ಬಂದುಹೋದ ಕೈಲಾಸ್ ಅವರಿಂದ. ತಾವು ಆಟವನ್ನು ಪರೀಕ್ಷಿಸಲು ಹನ್ನೆರಡು ಜನ ಯುವಕರನ್ನು ಕರೆಸಿದಿರಿ. ಅವರು ಮೊದಲ ಪಾತಾಳವನ್ನು ಧೂಳೀಪಟ ಮಾಡಿ ಎರಡನೆಯದಕ್ಕೆ ಇಳಿದರು. ಅಲ್ಲಿ ಮೂರು ತಲೆಯ ರಾಣಿ ಎದ್ದು ನಿಂತು, ಕೈಯಲ್ಲಿ ಗದೆ ತಿರುವುತ್ತ, ಸೊಣ್ಣಮ್ಮನ ದನಿಯಲ್ಲಿ ಬೈಯತೊಡಗಿದ್ದೇ ತಡ, ಒಂಬತ್ತು ಜನ ಕತ್ತಿ ಕೆಳಗಿಟ್ಟರು! ಕೊಲ್ಲಲು ಮನಸ್ಸು ಬರಲಿಲ್ಲವಂತೆ. ಒಬ್ಬ ಮುಂದಿನ ಕೋಟೆಗೆ ಹೋಗುವುದನ್ನೇ ಬಿಟ್ಟು ನಲವತ್ತು ನಿಮಿಷ ಗವಿಯಲ್ಲಿ ಕುಳಿತು ಬೈಸಿಕೊಂಡನಂತೆ. ಯುವರಾಜ್ ಎಂಬ ಇನ್ನೊಬ್ಬ ಊಟದ ಬಿಡುವಿನಲ್ಲಿ ಹೊರಗೆ ಬಂದು ಕನಕಪುರದ ಅಜ್ಜಿಗೆ ಫೋನು ಹಚ್ಚಿ, “ಏನಿಲ್ಲಜ್ಜಿ, ಸುಮ್ನೆ ಮಾಡ್ದೆ” ಅಂದನಂತೆ.

ಇಂಥ ಸಾಧನೆಗೆ ತಾವು ಕೊಟ್ಟ ಬಹುಮಾನವನ್ನು ನೆನೆದರೆ ತಮ್ಮ ದೂರದೃಷ್ಟಿಗೆ ಕೈಮುಗಿಯಬೇಕೆನಿಸುತ್ತದೆ. ಯಾವ ಸೇನೆಯೂ ಮಾಡಲಾಗದ್ದನ್ನು ಹಕಾರವಿಲ್ಲದ ಒಬ್ಬ ಹೆಂಗಸು ಕೂತಲ್ಲೇ ಮಾಡಿದಳೆಂದು ಹಿಗ್ಗುವ ಬದಲು, ‘ಭಾಷೆಯಲ್ಲಿ ಭಯದ ಅಂಶ ಸಾಲದು, ಕೈಬಿಡಲಾಗಿದೆ’ ಎಂಬ ಒಂದೇ ಸಾಲನ್ನು ಮೇಘಶ್ರೀಗೆ ಕಳಿಸಿದಿರಿ. ಅವಳ ಕೆಲಸವನ್ನು ಯಂತ್ರವೊಂದಕ್ಕೆ ಒಪ್ಪಿಸಿದಿರಿ. ಆ ಯಂತ್ರ ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟ ಹೊಸ ಭಾಷೆಯನ್ನು ಕೈಲಾಸ್ ನನಗೆ ಕೇಳಿಸಿದರು. ತುಂಬ ಭಯಂಕರವಾಗಿದೆ, ಘಕಾರ ಝಕಾರಗಳಿಗೆ ಯಾವ ಕೊರತೆಯೂ ಇಲ್ಲ. ಮಿಕ್ಸಿಗೆ ಚಮಚ ಬಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಕೇಳಿಸುತ್ತದೆ.

ಮೇಘಶ್ರೀ ಕೆಳಗೆ ಬಂದು ಆ ಸಾಲನ್ನು ಓದಿದಾಗ ಸೊಣ್ಣಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, “ನನ್ ದನಿ ಚೆಂದಾಗಿರ್ನಿಲ್ವೇನವ್ವ?” ಅಂದಳು. ಪರೀಕ್ಷೆಯ ಕಥೆ ಆಗಿನ್ನೂ ಆ ಹುಡುಗಿಗೂ ತಿಳಿದಿರಲಿಲ್ಲ. ಅಂದಿನಿಂದ ಸೊಣ್ಣಮ್ಮ ಮತ್ತೆ ತಲೆಯಾಡಿಸಿ ಮಾತು ಮುಗಿಸತೊಡಗಿದ್ದಾಳೆ. ಸೊಪ್ಪಿನ ಮುನಿಲಕ್ಷ್ಮಮ್ಮ ಗಾಡಿ ನಿಲ್ಲಿಸಿದರೆ ಬೆರಳು ತೋರಿಸಿ ಕೊಂಡುಕೊಳ್ಳುತ್ತಾಳೆ.

‘ಮತ್ತೆ’ ಎಂದೆ. ಇದನ್ನು ವಿವರಿಸದೆ ಹೋದರೆ ಈ ಪತ್ರ ಸುಳ್ಳಾಗುತ್ತದೆ. ಮೂವತ್ತು ವರ್ಷದ ಹಿಂದೆ ಸಂಘದ ಕೆಲಸಕ್ಕೆಂದು ದೊಡ್ಡ ಅಧಿಕಾರಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಇವಳು ಬಾಗಿಲಲ್ಲಿ ನಿಂತು ಸಂಭ್ರಮದಿಂದ “ಆಲ್ ಕುಡೀತೀರಾ ಸಾ?” ಅಂದಳು. ಅವರು ನಕ್ಕರು. ಜೊತೆಗೆ ನಾನೂ ನಕ್ಕೆ. ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ, “ಜನ ಬಂದಾಗ ನೀನು ಬಾಯಿ ಬಿಡಬೇಡ” ಅಂದೆ. ಅವಳು ಬಿಡಲಿಲ್ಲ. ಮಗನ ಮದುವೆಯಲ್ಲಿ ಬೀಗರ ಮುಂದೆಯೂ ಬಿಡಲಿಲ್ಲ, ಬನಶಂಕರಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲಿ ನೋವಮ್ಮಾ ಎಂದು ಕೇಳಿದಾಗಲೂ ನನ್ನ ಮುಖ ನೋಡಿದಳು. ಹಾಲಿನ ಸಂಘದ ಕಾರ್ಯದರ್ಶಿಗೆ ಹಾಲೆನ್ನಲು ಬಾರದ ಹೆಂಡತಿಯಿದ್ದಾಳೆಂದು ನಾಚಿದ ನನ್ನಂಥ ಮೂರ್ಖ ಈ ಹೋಬಳಿಯಲ್ಲೇ ಇರಲಾರ. ತಾವು ತಮ್ಮ ಒಂದು ಸಾಲಿನಿಂದ ಮಾಡಿದ್ದನ್ನು ನಾನು ಅದಕ್ಕಿಂತ ಚಿಕ್ಕ ಸಾಲಿನಿಂದ ಮಾಡಿದ್ದೆ. ಆದ್ದರಿಂದ ಈ ದೂರಿನಲ್ಲಿ ತಾವು ಎರಡನೇ ಆರೋಪಿ ಮಾತ್ರ, ಗಾಬರಿಯಾಗಬಾರದು.

ಇನ್ನು ಬೇಡಿಕೆಗಳು. ಜಡಂಗ ಭಾಷೆಯನ್ನು ಉಳಿಸಿಕೊಂಡು ಹೆದರಿಕೆಯ ಅಂಶಕ್ಕಾಗಿ ಆಟಗಾರರನ್ನೇ ಬದಲಿಸಬೇಕು. ಅಜ್ಜಿಯಿಂದ ಒಮ್ಮೆಯೂ ಬೈಸಿಕೊಳ್ಳದವರು ಸಿಕ್ಕರೆ ಅವರನ್ನೇ ನೇಮಿಸಿಕೊಳ್ಳಬಹುದು. ಅದು ಆಗದಿದ್ದರೆ ವೀರನನ್ನೇ ಸೋಲಿಸಿ, ರಾಣಿಯ ಮನೆಯಲ್ಲಿ ಉಂಡು ಕೈತೊಳೆಯುವಲ್ಲಿಗೆ ಆಟ ಮುಗಿಸಬೇಕು. ಅದೂ ಆಗದಿದ್ದರೆ, ನಮ್ಮ ಮನೆಯಿಂದ ತೆಗೆದುಕೊಂಡು ಹೋದ ದನಿಗಳನ್ನು ಒಂದೂ ಸವೆಯದಂತೆ, ನೆನೆಯದಂತೆ ಗೋಣಿಚೀಲದಲ್ಲಿ ಕಟ್ಟಿ ಹಿಂದಿರುಗಿಸಬೇಕು. ‘ಟ್ರುರ್ರ್’ ಎಂಬುದು ನಮ್ಮ ಮಾವನವರ ಕಾಲದ್ದು, ಕೈಜಾರಿ ಒಡೆದರೆ ಬೇರೆಯದು ಸಿಗುವುದಿಲ್ಲ. ತಮ್ಮ ಯಂತ್ರವು ದಿನವೂ ಸಂಜೆ ನಾಲ್ಕಕ್ಕೆ ನಮ್ಮ ಜಗಲಿಗೆ ಬಂದು, ಕಾಲು ಮಡಿಸಿ ಕುಳಿತು, “ಆಂಟಿ, ಇನ್ನೊಂದ್ಸಲ ಮಾಡಿ” ಎಂದು ಕೇಳುವ ವ್ಯವಸ್ಥೆ ಮಾಡಬೇಕು. ಮೇಘಶ್ರೀ ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದಾಗಿ ಹೇಳಿದ್ದಾಳೆ. ಅವಳ ಜಾಗದಲ್ಲಿ ಯಾರಾದರೂ ಕೇಳಲೇಬೇಕಲ್ಲ.

ಇವೆಲ್ಲವೂ ತಮ್ಮ ಅಧಿಕಾರವನ್ನು ಮೀರಿದವೆಂದಾದರೆ ಒಂದೇ ಒಂದನ್ನು ಮಾಡಬಹುದು. ಆ ಒಂಬತ್ತು ಜನ ಕತ್ತಿ ಯಾಕೆ ಕೆಳಗಿಟ್ಟರೆಂಬುದನ್ನು ಸೊಣ್ಣಮ್ಮನಿಗೆ ತಾವೇ ಬರೆದು ತಿಳಿಸಬೇಕು. ನಾನು ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಾಳು, ಮೂವತ್ತು ವರ್ಷದಿಂದ ಅವಳ ದನಿಯ ವಿಷಯದಲ್ಲಿ ನನ್ನ ಸಾಕ್ಷಿಗೆ ಬೆಲೆಯಿಲ್ಲ.

ತಮ್ಮ ಪಾತಾಳಗಳು ದಿನೇ ದಿನೇ ಇನ್ನಷ್ಟು ಆಳವಾಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಗಂಗಾಧರಯ್ಯ
ಅರೆಕೆರೆ ಹಳೇ ಊರು

ತಾ.ಕ.: ಅಂಚೆಗೆ ಹಾಕುವ ಮುನ್ನ, ಯಾವುದಕ್ಕೂ ಇರಲಿ ಎಂದು, ಈ ಪತ್ರವನ್ನು ಸೊಣ್ಣಮ್ಮನಿಗೆ ಓದಿ ಹೇಳಿದೆ. ಅಧಿಕಾರಿಯ ಸಂಗತಿ ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂಬತ್ತು ಜನ ಕತ್ತಿ ಕೆಳಗಿಟ್ಟದ್ದನ್ನು ಮಾತ್ರ ಎರಡು ಸಲ ಓದಿಸಿದಳು. ಆಮೇಲೆ, “ಇಷ್ಟುದ್ದ ಯಾಕ್ ಬರ್ದೆ, ನಾನೇ ಓಗಿ ಯೋಳ್ತೀನಿ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ಈ ಪತ್ರಕ್ಕಿಂತ ಮೊದಲು ಅವಳೇ ತಲುಪುತ್ತಾಳೆ, ದಯವಿಟ್ಟು ಯಾರೂ ರಜೆ ಹಾಕಬಾರದು. ತಮ್ಮ ಕಚೇರಿ ಯಾವ ರಸ್ತೆಯಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲ. ಕೇಳಿಕೊಂಡು ಬರುತ್ತಾಳೆ.